ಅಂಗಾರಣ್ಣ ಪಟ್ಟ ಬಿಟ್ಟದ್ದು

ನೇತ್ರಾವತಿ ಕನ್ನಡ ಬಳಗದ ಗೌರವ ಪ್ರಧಾನ ಕಾರ್ಯದರ್ಶಿ ಅಂಗಾರಣ್ಣನ ಸಾಮ್ರಾಜ್ಯ ಕೋಪರಖೈರಣೆಯ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿತ್ತು. ಉದ್ದ ಇಪ್ಪತ್ತೈದು ಅಡಿ, ಅಗಲ ಹದಿನೈದು. ಪೂರ್ವದ ಗಡಿಯಲ್ಲಿ ಎರಡು ಕಬ್ಬಿಣದ ಕಪಾಟು, ಪಶ್ಚಿಮದಲ್ಲಿ ಒಂದರ ಮೇಲೊಂದು ಪೇರಿಸಿದ ನೂರಾ ನಲವತ್ತು ಪ್ಲಾಸ್ಟಿಕ್ ಕುರ್ಚಿ, ಮಧ್ಯದಲ್ಲಿ ಕೆಳಗಿನಿಂದ ಏರಿ ಬರುವ ಗೋಧಿಹಿಟ್ಟಿನ ಧೂಳು. ರಾಜದಂಡವೆಂದರೆ ಮೈಕಿನ ಸ್ಟ್ಯಾಂಡು. ರಾಜಮುದ್ರೆಯೆಂದರೆ ‘ಬಳಗ’ದ ‘ಳ’ ಸವೆದುಹೋದ ರಬ್ಬರ್ ಸ್ಟ್ಯಾಂಪು. ಇವೆಲ್ಲಕ್ಕೂ ಮಿಗಿಲಾಗಿ ಹನ್ನೊಂದು ಬೀಗದ ಕೈಗಳ ಒಂದು ಗೊಂಚಲು. ಅದರಲ್ಲಿ ಮೂರು ಯಾವ ಬೀಗದವೆಂದು ಯಾರಿಗೂ ತಿಳಿದಿರಲಿಲ್ಲ, ಎಸೆಯುವ ಧೈರ್ಯವೂ ಯಾರಿಗೂ ಇರಲಿಲ್ಲ.

ಅವನು ಪಟ್ಟಕ್ಕೆ ಬಂದದ್ದು ೨೦೦೧ರಲ್ಲಿ. ಮಹಾಸಭೆಯ ನಡುವೆ ಬಟಾಟೆವಡೆ ಬಂತೋ ಇಲ್ಲವೋ ಎಂದು ನೋಡಲು ಕೆಳಗೆ ಇಳಿದಿದ್ದ. ವಡೆ ಹೊತ್ತು ಮೇಲೆ ಬರುವಷ್ಟರಲ್ಲಿ ಸರ್ವಾನುಮತದಿಂದ ಆಯ್ಕೆಯಾಗಿದ್ದ. ಅಂದಿನಿಂದ ಹನ್ನೊಂದು ವರ್ಷ ಹಾಲ್ ಬುಕ್ ಮಾಡಿದ, ಅತಿಥಿಗಳನ್ನು ಸ್ಟೇಷನ್ನಿನಿಂದ ಕರೆತಂದ, ದೀಪ ಬೆಳಗುವ ಗಳಿಗೆಯಲ್ಲಿ ಇಡೀ ಸಭೆಯಲ್ಲಿ ಇಲ್ಲದ ಬೆಂಕಿಪೆಟ್ಟಿಗೆಗಾಗಿ ಓಡಿದ. ಈ ಹನ್ನೊಂದು ವರ್ಷಗಳಲ್ಲಿ ಅವನು ವೇದಿಕೆಯ ಮೇಲೆ ನಿಂತು ಆಡಿದ ಮಾತು ಒಂದೇ: “ಹಲೋ, ಮೈಕ್ ಚೆಕ್, ಒಂದು ಎರಡು ಮೂರು.”

ಅಂಗಾರಣ್ಣನ ಒಳಗೆ ಒಬ್ಬ ನಟನಿದ್ದಾನೆ ಎಂಬುದು ಬಳಗದಲ್ಲಿ ಗೊತ್ತಿದ್ದದ್ದು ಜಯಶೀಲನಿಗೆ ಮಾತ್ರ. ವಿಮೆ ಏಜೆಂಟನಾದ ಜಯಶೀಲ ವರ್ಷಕ್ಕೊಂದು ತುಳು ನಾಟಕ ಬರೆದು ಆಡಿಸುತ್ತಿದ್ದ. ೨೦೧೨ರ ವಾರ್ಷಿಕೋತ್ಸವಕ್ಕೆ ಬರೆದ ನಾಟಕದ ನಾಯಕ ಒಬ್ಬ ಮುದಿ ಹೋಟೆಲ್ ಧಣಿ. ಮೂರು ಅಂಕ ಮುಗಿದರೂ ಗಲ್ಲಾ ಬಿಟ್ಟು ಏಳುವುದಿಲ್ಲ. ಮಾಜಿವಾಡಾದ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದ ಅಂಗಾರಣ್ಣ ಮೂವತ್ತು ವರ್ಷ ಇಂಥ ಧಣಿಗಳ ಕೆಳಗೇ ಬದುಕಿದವನು. ಮೂರನೇ ಸಲ ಸಾಂಬಾರು ಕೇಳಿದ ಗಿರಾಕಿಯತ್ತ ಧಣಿ ಹುಬ್ಬನ್ನು ಎಷ್ಟು ಏರಿಸುತ್ತಾನೆ, ಮಗ ಗಲ್ಲಾದ ಹತ್ತಿರ ಬಂದರೆ ಮೊಣಕೈಯನ್ನು ಹೇಗೆ ಅಡ್ಡ ಇಡುತ್ತಾನೆ ಎಂಬುದೆಲ್ಲ ಅವನ ಮೈಗೆ ಗೊತ್ತು. ಹಸ್ತಪ್ರತಿ ಓದಿದ ದಿನ ಅವನು ಮನೆಯ ಡೈನಿಂಗ್ ಟೇಬಲನ್ನೇ ಗಲ್ಲಾ ಮಾಡಿಕೊಂಡು ಕುಳಿತಿದ್ದ. ಹೆಂಡತಿ ಸುಂದರಿ ಚಪಾತಿ ತಂದಿಟ್ಟಾಗ ಅವಳನ್ನು ನೋಡಿದ ನೋಟಕ್ಕೆ ಅವಳು, “ಎಂತ, ನಾನು ಬಿಲ್ ಕೊಡ್ಬೇಕಾ?” ಎಂದಳು.

ತೊಡಕು ಒಂದೇ. ಹಿಂದೊಮ್ಮೆ ಅಧ್ಯಕ್ಷರೊಬ್ಬರು ಅರವತ್ತೆಂಟನೇ ವಯಸ್ಸಿನಲ್ಲಿ ಸತತ ಮೂರು ವರ್ಷ ಪ್ರೇಮಿಯ ಪಾತ್ರ ಮಾಡಿದ್ದರಿಂದ ಬೇಸತ್ತ ಬಳಗ, ಪದಾಧಿಕಾರಿಗಳು ನಾಟಕದಲ್ಲಿ ಪಾತ್ರ ಮಾಡಕೂಡದೆಂದು ನಿಯಮ ಮಾಡಿತ್ತು.

“ಪಾತ್ರ ನಿಮ್ಮದೇ ಅಂಗಾರಣ್ಣ,” ಎಂದ ಜಯಶೀಲ. “ಆದ್ರೆ ಸೆಪ್ಟೆಂಬರ್ ಮೊದಲ ಭಾನುವಾರ ರಿಹರ್ಸಲ್. ಅಷ್ಟರೊಳಗೆ ನೀವು ಕಾರ್ಯದರ್ಶಿ ಆಗಿರ್ಬಾರ್ದು. ಇಲ್ಲದಿದ್ರೆ ಕುಶಲನಿಗೆ ಕೊಡ್ಬೇಕಾಗ್ತದೆ, ಮತ್ತೆ ಯಾರೂ ಇಲ್ಲ.”

ಕುಶಲ ಸಮಿತಿಯ ಸಾದಾ ಸದಸ್ಯ. ಅವನು ಸಂಭಾಷಣೆ ಹೇಳಿದರೆ ಠಾಣೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೇಳಿದಂತೆ, ಪ್ರೀತಿಗೂ ಸಾವಿಗೂ ಒಂದೇ ರಾಗ. ಆ ಧಣಿಯನ್ನು ಕುಶಲನ ಬಾಯಿಗೆ ಬಿಟ್ಟುಕೊಡುವುದೆಂದರೆ ಅಂಗಾರಣ್ಣನಿಗೆ ಕಣ್ಣೆದುರೇ ಕೊಲೆ ನೋಡಿದಂತೆ. ಕೈಯಲ್ಲಿ ಎರಡು ತಿಂಗಳಿತ್ತು. ಒಂದು ಹಾಳೆ ಕಾಗದ, ಎರಡು ಸಾಲು ಬರಹ, ಅಷ್ಟು ಸಾಕೆಂದು ಅವನು ಭಾವಿಸಿದ. ಪಾಪ.

ಜುಲೈ ಮೊದಲ ವಾರ ಅವನು ಬಳಗದ ಲೆಟರ್‌ಪ್ಯಾಡಿನಲ್ಲಿ ರಾಜೀನಾಮೆ ಬರೆದ. ಬಳಗಕ್ಕೆ ಬರುವ ಪತ್ರಗಳೆಲ್ಲ ಕಾರ್ಯದರ್ಶಿಯ ಹೆಸರಿಗೇ ಬರಬೇಕಾದ್ದರಿಂದ ‘ಮಾನ್ಯ ಕಾರ್ಯದರ್ಶಿಗಳಿಗೆ’ ಎಂದು ತನಗೆ ತಾನೇ ಸಂಬೋಧಿಸಿಕೊಂಡ. ಅದನ್ನು ಮೇಜಿನ ಈಚೆಯಿಂದ ಕೊಟ್ಟು, ಆಚೆ ಹೋಗಿ ಕುಳಿತು ಸ್ವೀಕರಿಸಿ, ಬಂದ ಪತ್ರಗಳ ಆವಕ ನಂಬರು ಹಾಕಿ, ಸಮಿತಿಯ ಎಲ್ಲರಿಗೂ ಪ್ರತಿ ಕಳಿಸಿದ.

ಭಾನುವಾರ ಸಂಜೆ ಐದಕ್ಕೆ ಮೂವರು ಮನೆ ಬಾಗಿಲಲ್ಲಿದ್ದರು: ಕಲ್ಯಾಣದಲ್ಲಿ ಎರಡು ಹೋಟೆಲಿಟ್ಟ ಅಧ್ಯಕ್ಷ ಧರ್ಮಪಾಲ, ಉಪಾಧ್ಯಕ್ಷ ಸೈದಪ್ಪ, ಹಿಂದೆ ಕರವಸ್ತ್ರ ಸಿದ್ಧವಾಗಿಟ್ಟುಕೊಂಡ ಕುಶಲ.

ಈ ಭೇಟಿಯ ಮರ್ಮ ಅರಿಯದವನಲ್ಲ ಅಂಗಾರಣ್ಣ. ಬಳಗದಲ್ಲಿ ರಾಜೀನಾಮೆ ಕೊಡುವುದೆಂದರೆ ಬಿಡುತ್ತೇನೆ ಎಂದು ಅರ್ಥವೇ ಅಲ್ಲ, ನನ್ನ ಕಡೆ ಸ್ವಲ್ಪ ನೋಡಿ ಎಂದು ಅರ್ಥ. ಮಳೆಗಾಲ ಬಂತೆಂದರೆ ಯಾರಾದರೂ ಒಬ್ಬರು ಕೊಡುವುದು, ಮೂವರು ಮನೆಗೆ ಹೋಗಿ ಸಮಾಧಾನ ಮಾಡುವುದು, ತಿಂಡಿ ತಿನ್ನುವುದು, ಪತ್ರ ಹಿಂದಕ್ಕೆ ತರುವುದು. ಮೊದಲ ಖಜಾಂಚಿ ಹತ್ತೊಂಬತ್ತು ಸಲ ರಾಜೀನಾಮೆ ಕೊಟ್ಟು, ಖಜಾಂಚಿಯಾಗಿಯೇ ಸ್ವರ್ಗಸ್ಥರಾಗಿದ್ದರು. ಅಂಗಾರಣ್ಣನೂ ಇಂಥ ಇಪ್ಪತ್ತು ದಂಡಯಾತ್ರೆಗಳಲ್ಲಿ ಭಾಗವಹಿಸಿದವನು. ‘ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ’ ಎಂಬ ಬ್ರಹ್ಮಾಸ್ತ್ರವನ್ನು ಅವನೇ ಪಳಗಿಸಿದ್ದು.

“ಎಂತ ಬೇಜಾರಾಯ್ತು ಹೇಳಿ,” ಎಂದರು ಧರ್ಮಪಾಲ, ಸುಂದರಿ ಕರಿದಿಟ್ಟ ಗೋಳಿಬಜೆಗೆ ಕೈ ಹಾಕುತ್ತ.

“ಬೇಜಾರು ಎಂತದ್ದೂ ಇಲ್ಲ.”

“ಬೇಜಾರಿಲ್ಲದೆ ಯಾರಾದ್ರೂ ರಾಜೀನಾಮೆ ಕೊಡ್ತಾರಾ ಮಾರಾಯ್ರೆ?”

“ನಾಟಕದಲ್ಲಿ ಪಾತ್ರ ಮಾಡ್ಬೇಕು ಅಂತ ಆಸೆ ಉಂಟು. ಅಷ್ಟೇ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನೋವಿನ ನಗೆ ನಕ್ಕರು.

“ನೋಡ್ರಿ ಅಂಗಾರಣ್ಣಾರ,” ಎಂದ ಸೈದಪ್ಪ. “ದೊಡ್ಡ ಮನಸಿನಾವ್ರು ನೀವು. ಒಳಗಿನ ಸಂಕಟಾ ಚ್ಯಾಷ್ಟಿ ಮಾಡಿ ಮುಚ್ಚಾಕ ಹತ್ತೀರಿ. ನಮಗ ತಿಳೀತೈತ್ರಿ. ಹೋದ ಸಲ ಆಮಂತ್ರಣದಾಗ ನಿಮ್ಮ ಹೆಸರು ಸಣ್ಣ ಅಕ್ಷರದಾಗ ಬಂದಿತ್ತು, ಹೌದಿಲ್ರಿ?”

“ಆ ಆಮಂತ್ರಣ ಪ್ರೆಸ್ಸಿಗೆ ಕೊಟ್ಟದ್ದು ನಾನೇ ಸೈದಪ್ಪನವ್ರೆ.”

“ನಿಮ್ಮನ್ನು ಬಿಟ್ರೆ ಯಾರಿದ್ದಾರೆ ಅಂಗಾರಣ್ಣ,” ಎಂದು ಕುಶಲ ಕಣ್ಣೊರೆಸಿಕೊಂಡ. ಕಾರ್ಯದರ್ಶಿ ಉಳಿದರೆ ಧಣಿ ತನಗೆ ಸಿಗುತ್ತಾನೆಂದು ತಿಳಿದವನ ಕಣ್ಣೀರು. ಹಾಗಾಗಿ ಅದು ನಿಜವಾಗಿಯೇ ಸುರಿಯಿತು.

ಮುಂದಿನ ಆಮಂತ್ರಣದಲ್ಲಿ ಅಂಗಾರಣ್ಣನ ಹೆಸರು ದಪ್ಪಕ್ಷರದಲ್ಲಿ ಬರಬೇಕೆಂದು ಅಲ್ಲಿಯೇ ತೀರ್ಮಾನವಾಗಿ, ರಾಜೀನಾಮೆ ಧರ್ಮಪಾಲರ ಜೇಬು ಸೇರಿ, ಗೋಳಿಬಜೆಯ ತಟ್ಟೆ ಖಾಲಿಯಾಯಿತು.

ದೋಷ ಮಾತಿನದು ಎಂದು ಅಂಗಾರಣ್ಣನಿಗೆ ಅನ್ನಿಸಿತು. ರಾಜೀನಾಮೆ ಎಂಬುದು ತೀರ ಅಗ್ಗವಾಗಿತ್ತು. ಮರಾಠಿ ಪೇಪರಿನಲ್ಲಿ ದಿನ ಬಿಟ್ಟು ದಿನ ಯಾರಾದರೂ ಕೊಡುತ್ತಿದ್ದರು, ಮರುದಿನ ವಾಪಸು ಪಡೆಯುತ್ತಿದ್ದರು. ಕನ್ನಡದಲ್ಲಿ ಕುರ್ಚಿ ಹಿಡಿಯಲು ಇರುವುದಕ್ಕಿಂತ ಬಿಡಲು ಹೆಚ್ಚು ಮಾತುಗಳಿವೆ. ಅಂಗಾರಣ್ಣ ಆ ಶಸ್ತ್ರಾಗಾರವನ್ನು ಹೊಕ್ಕು ‘ಪದತ್ಯಾಗ’ವನ್ನು ಎತ್ತಿಕೊಂಡ. ಕಿರೀಟ ತೆಗೆದು ಕಾಡಿಗೆ ಹೊರಡುವವರ ಮಾತು ಅದು. ಕಾಡಿಗೆ ಹೊರಟವನನ್ನು ಯಾರು ಕರೆಯುತ್ತಾರೆ?

ಕರೆದರು. ಅದೂ ಸಮಿತಿ ಸಭೆಯಲ್ಲಿ, ಎದ್ದು ನಿಂತು. ತ್ಯಾಗ ಎಂಬ ಮಾತು ಕಿವಿಗೆ ಬಿದ್ದದ್ದೇ ಧರ್ಮಪಾಲ ಎದೆಯ ಮೇಲೆ ಕೈಯಿಟ್ಟುಕೊಂಡರು. ಇಂಥ ತ್ಯಾಗಿಯನ್ನು ಕಳೆದುಕೊಂಡ ಬಳಗ ಬಳಗವೇ ಅಲ್ಲ ಎಂದರು. ತ್ಯಾಗ ಮಾಡಲು ಮುಂದಾದದ್ದಕ್ಕೆ ಒಂದು ಅಭಿನಂದನಾ ಠರಾವು, ಬಳಗದ ಮೇಲಿನ ಪ್ರೀತಿಯಿಂದ ಆ ತ್ಯಾಗವನ್ನೂ ತ್ಯಾಗ ಮಾಡಿದ್ದಕ್ಕೆ ಇನ್ನೊಂದು ಪಾಸಾದವು. ಎರಡನ್ನೂ ಮಿನಿಟ್ ಪುಸ್ತಕದಲ್ಲಿ ತನ್ನ ಕೈಯಾರೆ ಬರೆಯಬೇಕಾದವನು ಅಂಗಾರಣ್ಣನೇ.

ಆಗಸ್ಟಿನಲ್ಲಿ ‘ನಿವೃತ್ತಿ’ ಪ್ರಯೋಗಿಸಿದ. ನಿವೃತ್ತನಾದವನನ್ನು ಯಾರೂ ಓಲೈಸುವುದಿಲ್ಲ, ಕೈಗೆ ಒಂದು ಗಡಿಯಾರ ಕೊಟ್ಟು ಕಳಿಸುತ್ತಾರೆ ಎಂಬುದು ಲೆಕ್ಕಾಚಾರ. ಲೆಕ್ಕ ಅರ್ಧ ಸರಿಯಿತ್ತು. ಗಡಿಯಾರ, ಶಾಲು, ಹಣ್ಣಿನ ಬುಟ್ಟಿಗಳ ಭರ್ಜರಿ ಸನ್ಮಾನ ಸಮಾರಂಭ ನಿಶ್ಚಯವಾಯಿತು, ಏಳು ಜನರ ಉಪಸಮಿತಿ ಆಯಿತು. ಸಂಚಾಲಕರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಅಂಗಾರಣ್ಣನನ್ನು ನೋಡಿದರು.

“ನನ್ನ ಸನ್ಮಾನಕ್ಕೆ ನಾನೇ ಸಂಚಾಲಕನಾ?”

“ಮತ್ತೆ ಯಾರಿಗೆ ಗೊತ್ತುಂಟು ಇದೆಲ್ಲ?” ಎಂದರು ಧರ್ಮಪಾಲ. “ನೀವು ಮಾಡಿದ್ರೆ ಅಚ್ಚುಕಟ್ಟು. ಆಮೇಲೆ ಸನ್ಮಾನದ ವೇದಿಕೆಯಲ್ಲೇ ನೀವು ಮುಂದುವರಿಯುವ ಘೋಷಣೆ. ಜನ ಚಪ್ಪಾಳೆ ತಟ್ಟಬೇಕು, ನೋಡಿ.”

ಹೀಗಾಗಿ ಅಂಗಾರಣ್ಣ ವಾಶಿಯ ಅಂಗಡಿಗೆ ಹೋಗಿ ಶಾಲು ನೋಡಬೇಕಾಯಿತು. ಅಂಗಡಿಯವನು “ಕಿಸಕೇ ಲಿಯೇ?” ಎಂದು ಯಾರಿಗೆಂದು ಕೇಳಿದ. ಅಂಗಾರಣ್ಣ “ಮೇರೇ ಲಿಯೇ,” ಎಂದು ತನ್ನತ್ತಲೇ ಬೆರಳು ತೋರಿದ. “ಥಂಡೀ ಕಾ?” ಎಂದು ಅವನು ಉಣ್ಣೆಯ ಕಂಬಳಿ ತೆಗೆಯಲು ಹೋದಾಗ ಅಂಗಾರಣ್ಣನಿಗೆ ಅಳು ಬಂತು.

ಮನೆಯಲ್ಲೂ ಸಹಾನುಭೂತಿ ಇರಲಿಲ್ಲ. ಊಟಕ್ಕೆ ಕುಳಿತರೆ ಫೋನು. ಹಾಲ್‌ನವರ ನಂಬರು, ಅಡುಗೆ ಭಟ್ಟರ ನಂಬರು, ಪೆಂಡಾಲಿನವನ ನಂಬರು ಎಲ್ಲರಿಗೂ ಅವನಿಂದಲೇ ಬೇಕು. ಅವನು ಕೊಡುತ್ತಲೂ ಇದ್ದ, ನೋಡದೆ, ಬಾಯಿಪಾಠ.

“ಬಾಯಲ್ಲಿ ಬಿಟ್ಟೆ ಬಿಟ್ಟೆ, ಕೈಯಲ್ಲಿ ಫೋನು,” ಎಂದಳು ಸುಂದರಿ. “ನಾನು ಆ ಮೂವರಿಗೆ ಇನ್ನು ಗೋಳಿಬಜೆ ಮಾಡುವುದಿಲ್ಲ. ಎಣ್ಣೆಗೆ ನಾಚಿಕೆ ಆಗ್ತದೆ.”

ಐರೋಲಿಯ ಕಾಲ್ ಸೆಂಟರಿನಲ್ಲಿ ದುಡಿಯುವ ಮಗಳು ಪ್ರೇಕ್ಷಾ ತಟ್ಟೆಯಿಂದ ತಲೆಯೆತ್ತದೆ, “ಪಪ್ಪಾ, ಛೋಡನಾ ಹೈ ತೋ ಛೋಡ್ ದೋ ನಾ. ಲೆಟರ್ ಕಾಯ್ಕೋ?” ಎಂದಳು. ಬಿಡುವವರು ಬಿಟ್ಟರಾಯಿತು, ಪತ್ರವೇಕೆ ಎಂಬುದು ಅವಳ ಪ್ರಶ್ನೆ. ಇದಕ್ಕೆ ಉತ್ತರ ಕೊಡಲು ಅವನು ಬಾಯಿ ತೆರೆದಾಗ ಫೋನು ಬಂತು. ಎತ್ತಿಕೊಂಡ.

ಆಗಸ್ಟಿನ ಕೊನೆಯ ವಾರ ಜಯಶೀಲನ ಮೆಸೇಜು ಬಂತು: ‘ಭಾನುವಾರ ಸಂಜೆ ಏಳಕ್ಕೆ ರಿಹರ್ಸಲ್. ಕುಶಲ ಮಾತು ಬಾಯಿಪಾಠ ಮಾಡಿದ್ದಾನೆ. ಕೇಳಿದೆ. ದಯವಿಟ್ಟು ಏನಾದರೂ ಮಾಡಿ.’

ಅಂದು ಬುಧವಾರ. ಸನ್ಮಾನಕ್ಕೆ ಹಾಲ್ ಬುಕ್ ಮಾಡುವ ಅರ್ಜಿಗೆ ಎರಡು ಸಹಿ ಬೇಕಿತ್ತು. ಎರಡನೆಯದು ಸಹಕಾರ್ಯದರ್ಶಿ ಲೋಲಾಕ್ಷಿಯದು. ಕಲ್ಯಾಣದ ಒಂದು ಕಾಲೇಜಿನಲ್ಲಿ ಗುಮಾಸ್ತೆಯಾಗಿದ್ದು ವಿಠ್ಠಲವಾಡಿಯಲ್ಲಿ ಮನೆ ಮಾಡಿದ್ದ ಅವರಿಗೆ ಬಳಗ ಆರು ವರ್ಷಗಳಿಂದ ಒಂದೇ ಕೆಲಸ ಕೊಟ್ಟಿತ್ತು, ವೇದಿಕೆಯ ಬದಿಯಲ್ಲಿ ನಿಂತು ಹೂಗುಚ್ಛ ದಾಟಿಸುವುದು. ಅಂಗಾರಣ್ಣ ಠಾಣೆಯಲ್ಲಿ ಗಾಡಿ ಬದಲಿಸಿ, ಕಲ್ಯಾಣದವರೆಗೆ ಯಾರದೋ ಬ್ಯಾಗಿಗೆ ಮುಖ ಒತ್ತಿ ನಿಂತು, ಮುದ್ದೆಯಾದ ಅರ್ಜಿಯೊಡನೆ ಸಂಜೆ ಆರಕ್ಕೆ ಅವರ ಮನೆ ಮುಟ್ಟಿದ.

ಲೋಲಾಕ್ಷಿ ಅರ್ಜಿಯನ್ನು ಓದಿ ಪಕ್ಕಕ್ಕಿಟ್ಟರು. ಸಹಿ ಹಾಕಲಿಲ್ಲ.

“ಅಂಗಾರಣ್ಣ, ಒಂದು ಕೇಳ್ತೇನೆ. ನಿಮಗೆ ನಿಜವಾಗಿ ಬಿಡ್ಲಿಕ್ಕುಂಟಾ, ಅಲ್ಲ ಎಲ್ಲರ ಹಾಗೆಯಾ?”

ಎರಡು ತಿಂಗಳ ಕುದಿ ಒಮ್ಮೆಲೇ ಉಕ್ಕಿತು. “ಇನ್ನು ಹೇಗೆ ಹೇಳುವುದಕ್ಕ? ರಾಜೀನಾಮೆ ಅಂದೆ, ಪದತ್ಯಾಗ ಅಂದೆ, ನಿವೃತ್ತಿ ಅಂದೆ. ಸನ್ಯಾಸ ಅಂದ್ರೆ ಕಾವಿಬಟ್ಟೆ ತರ್ಲಿಕ್ಕೂ ನನ್ನನ್ನೇ ಕಳಿಸ್ತಾರೆ. ಎಲ್ಲರಿಗೂ ಹೇಳಿ ಹೇಳಿ ಸಾಕಾಯ್ತು.”

“ನನಗೆ ಹೇಳ್ಲಿಲ್ಲ.”

“ನಿಮಗೂ ಪ್ರತಿ ಬಂದಿರ್ಬೇಕಲ್ಲ.”

“ಪ್ರತಿ ಬಂತು. ಪತ್ರ ಬರ್ಲಿಲ್ಲ. ಕಾರ್ಯದರ್ಶಿಯೇ ಬಿಡುವಾಗ ಪತ್ರ ಸಹಕಾರ್ಯದರ್ಶಿಯ ಕೈಗೆ ಕೊಡ್ಬೇಕು ಅಂತ ಹದಿನಾಲ್ಕನೇ ಕಲಮು. ನೀವು ನಿಮಗೇ ಕೊಟ್ಟುಕೊಂಡ್ರೆ ಅದನ್ನು ಯಾರು ಒಪ್ಪುವುದು? ಪ್ರತಿ ಸಲವೂ ಪೆನ್ನು ತೆಗೆದಿಟ್ಟು ಕಾಯ್ತಿದ್ದೆ. ಅಷ್ಟರಲ್ಲಿ ‘ವಾಪಸ್ ತಕೊಂಡ್ರು, ಗೋಳಿಬಜೆ ಚೆನ್ನಾಗಿತ್ತು’ ಅಂತ ಅಧ್ಯಕ್ಷರ ಮೆಸೇಜು ಬರ್ತಿತ್ತು. ನೀವೂ ಎಲ್ಲರ ಹಾಗೆ ನಾಟಕದವರೇ ಅಂದುಕೊಂಡೆ.”

ಹನ್ನೊಂದು ವರ್ಷ ನಿಯಮದ ಪುಸ್ತಕವನ್ನು ಕಪಾಟಿನಲ್ಲಿ ಕಾದವನು ಅಂಗಾರಣ್ಣ. ತೆರೆದವನಲ್ಲ.

“ನಿಮಗೆ ಈ ಕೆಲಸ ಬೇಕಾ?” ಎಂದು ಕೇಳಿದ.

“ಬೇಕು,” ಎಂದರು ಲೋಲಾಕ್ಷಿ.

ಬಳಗದ ಇತಿಹಾಸದಲ್ಲಿ ಈ ಮಾತನ್ನು ಯಾರೂ ಬಾಯಿ ಬಿಟ್ಟು ಆಡಿರಲಿಲ್ಲ. ಬೇಡ ಬೇಡ ಎನ್ನುತ್ತಲೇ ಕುರ್ಚಿ ಹತ್ತುವುದು, ಬಿಟ್ಟೆ ಬಿಟ್ಟೆ ಎನ್ನುತ್ತಲೇ ಅದರಲ್ಲಿ ಕೂರುವುದು ಅಲ್ಲಿಯ ಶಿಷ್ಟಾಚಾರ. ಅಂಗಾರಣ್ಣನಿಗೆ ಯಾರೋ ಸಭೆಯಲ್ಲಿ ಗಟ್ಟಿಯಾಗಿ ಸೀನಿದಂತಾಯಿತು. ಹಾಲ್ ಬುಕಿಂಗಿನ ಅರ್ಜಿಯ ಹಿಂಭಾಗದಲ್ಲೇ ಎರಡು ಸಾಲು ಬರೆದು ಕೊಟ್ಟ. ಅವರು ಕೆಳಗೆ ‘ಸ್ವೀಕರಿಸಲಾಗಿದೆ’ ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದರು. ಮರುಪರಿಶೀಲಿಸಿ ಎನ್ನಲಿಲ್ಲ. ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ ಎಂದೂ ಕೇಳಲಿಲ್ಲ. ಅಂಗಾರಣ್ಣ ಒಂದು ಕ್ಷಣ ಕಾದು ನೋಡಿದ್ದು ಸುಳ್ಳಲ್ಲ.

“ಬೀಗದ ಕೈ?” ಎಂದರು.

ಅವನು ಗೊಂಚಲನ್ನು ಹೊರತೆಗೆದು, ಒಂದೊಂದನ್ನೂ ಹಿಡಿದು, ಯಾವುದು ಕಪಾಟಿನದು, ಯಾವುದನ್ನು ತಿರುಗಿಸುವಾಗ ಸ್ವಲ್ಪ ಎತ್ತಬೇಕು ಎಂದೆಲ್ಲ, ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ವಿವರಿಸಿದ.

“ಈ ಮೂರು?”

“ಗೊತ್ತಿಲ್ಲ. ಮೊದಲಿನಿಂದ ಉಂಟು.”

ಲೋಲಾಕ್ಷಿ ಆ ಮೂರನ್ನೂ ಬಿಚ್ಚಿ ಕಸದ ಬುಟ್ಟಿಗೆ ಹಾಕಿದರು. ಅಂಗಾರಣ್ಣ ಕಣ್ಣು ಮುಚ್ಚಿಕೊಂಡ.

ನಂತರದ ಮೂರು ದಿನ ಅವನಿಗೆ ಒಂದೂ ಫೋನು ಬರಲಿಲ್ಲ. ಲೋಲಾಕ್ಷಿ ಅಂದೇ ಸಮಿತಿಯವರಿಗೂ ಪೆಂಡಾಲಿನವನಿಂದ ಭಟ್ಟರವರೆಗೆ ಎಲ್ಲರಿಗೂ ತಮ್ಮ ನಂಬರು ಕಳಿಸಿದ್ದರು. ಶುಕ್ರವಾರ ಅವನು ಸುಂದರಿಯ ಮೊಬೈಲಿನಿಂದ ತನ್ನ ನಂಬರಿಗೇ ಮಾಡಿ ನೋಡಿದ. ರಿಂಗಾಯಿತು. ಕೆಟ್ಟಿರಲಿಲ್ಲ. ಹನ್ನೊಂದು ವರ್ಷ ಪೀಡಿಸಿದ ಜಗತ್ತು ಇಷ್ಟು ಸಲೀಸಾಗಿ ಬಿಟ್ಟುಬಿಟ್ಟದ್ದು ಅವನಿಗೆ ಭಾರಿ ಅವಮಾನವೆನಿಸಿತು.

ಶನಿವಾರ ಸಂಜೆ ಆ ಮೂವರು ಬಂದಾಗ, ಹೇಳಬಾರದು, ಅವನಿಗೆ ಒಂದಿಷ್ಟು ಖುಷಿಯೇ ಆಯಿತು.

“ಇದೆಂತ ಮಾಡಿದ್ರಿ ಅಂಗಾರಣ್ಣ,” ಎಂದು ಧರ್ಮಪಾಲ ಸೋಫಾದಲ್ಲಿ ಕುಸಿದರು. “ಆಯ್ತು. ನಿಮ್ಮ ಆಸೆಗೆ ನಾವು ಅಡ್ಡ ಬರುವುದಿಲ್ಲ. ನಿಯಮವನ್ನೇ ತೆಗೆದುಹಾಕುವ. ನೀವು ಕಾರ್ಯದರ್ಶಿಯೂ ಇರಿ, ಪಾತ್ರವನ್ನೂ ಮಾಡಿ.”

ಈ ಮಾತನ್ನು ದಾರಿಯಲ್ಲಿ ಯಾರೂ ಕುಶಲನಿಗೆ ಹೇಳಿರಲಿಲ್ಲ. ಕಣ್ಣಿಗೆ ಏರುತ್ತಿದ್ದ ಕರವಸ್ತ್ರ ಅರ್ಧದಲ್ಲೇ ನಿಂತಿತು.

ಅಂಗಾರಣ್ಣ ಕುಳಿತಲ್ಲೇ ಮುಂದಕ್ಕೆ ಬಾಗಿದ. ಎರಡೂ ಸಿಗುವುದಾದರೆ? ಧಣಿಯ ಗಲ್ಲಾವೂ, ಬೀಗದ ಗೊಂಚಲೂ, ಊಟದ ಹೊತ್ತಿನ ಫೋನೂ? ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತ್ತು. ಸುಂದರಿ ಕೇಳಿಸಿಕೊಳ್ಳುತ್ತಿದ್ದಳು.

“ಲೋಲಾಕ್ಷಿಯಕ್ಕನಿಗೆ ಎಂತ ಹೇಳುವುದು?” ಎಂದ.

“ಅದು ನನಗೆ ಬಿಡಿ. ಹೆಂಗಸರು, ಅರ್ಥ ಮಾಡ್ಕೊಳ್ತಾರೆ. ಹೂಗುಚ್ಛ ಹೇಗೂ ಅವರದ್ದೇ.” ಧರ್ಮಪಾಲರಿಗೆ ಹುರುಪು ಬಂತು. “ನಾಟಕದ ದಿನ ನೀವು ಕುರ್ಚಿ, ಮೈಕು ಇಷ್ಟು ನೋಡಿ ಮೇಕಪ್ಪಿಗೆ ಕೂತ್ರಾಯ್ತು. ಎರಡನೇ ಅಂಕದಲ್ಲಿ ಧಣಿ ನಿದ್ದೆ ಮಾಡುವ ಜಾಗ ಉಂಟಂತಲ್ಲ, ಆಗ ಮೆಲ್ಲಗೆ ಹೋಗಿ ಅತಿಥಿಗಳ ಚಹಾ ಬಂತಾ ನೋಡ್ಬಹುದು.”

ಅಂಗಾರಣ್ಣನ ಕಣ್ಣಮುಂದೆ ಆ ಎರಡನೇ ಅಂಕ ಬಂತು. ಅಲ್ಲಿ ಧಣಿ ನಿದ್ದೆ ಮಾಡುವುದಿಲ್ಲ, ನಿದ್ದೆ ಬಂದಂತೆ ನಟಿಸುತ್ತ ಮಗನ ಕೈ ಗಲ್ಲಾದತ್ತ ಬರುವುದನ್ನು ಅರೆಗಣ್ಣಿನಲ್ಲಿ ನೋಡುತ್ತಾನೆ. ಇಡೀ ನಾಟಕದ ಪ್ರಾಣ ಇದ್ದದ್ದು ಆ ಹತ್ತು ನಿಮಿಷದಲ್ಲಿ. ಅದರ ನಡುವೆ ಎದ್ದು ಚಹಾ ನೋಡಬೇಕಂತೆ. ಆರು ವರ್ಷ ವೇದಿಕೆಯ ಬದಿಯಲ್ಲಿ ನಿಂತು, ಪೆನ್ನು ಹಿಡಿದು ಕಾದು ‘ಬೇಕು’ ಎಂದ ಹೆಂಗಸು ಮತ್ತೆ ಹೂಗುಚ್ಛ ಹಿಡಿಯಬೇಕಂತೆ.

“ಬೀಗದ ಕೈ ನನ್ನ ಹತ್ರ ಇಲ್ಲ,” ಎಂದ.

ಎರಡು ತಿಂಗಳ ಯಾವ ಪದಕ್ಕೂ ಬಗ್ಗದ ಧರ್ಮಪಾಲರ ಮುಖ ಈಗ ಬಿಳಿಚಿತು.

“ಕೀ ಕೊಟ್ಟೇ ಬಿಟ್ರಾ?”

“ಕೊಟ್ಟೆ.”

“ಖರೇನ ಬಿಟ್ಟಾರ್ರೀ ಇವ್ರು,” ಎಂದ ಸೈದಪ್ಪ, ಸಾವಿನ ಸುದ್ದಿ ಕೇಳಿದವನ ದನಿಯಲ್ಲಿ.

“ವಾಪಸ್ ಕೇಳಿದ್ರೆ ಅವರು ಕೊಡ್ತಾರೆ ಅಂಗಾರಣ್ಣ. ನೀವೊಂದು ಮಾತು ಕೇಳಿ,” ಎಂದರು ಧರ್ಮಪಾಲ.

“ಕೇಳುವುದಿಲ್ಲ. ಚಹಾ ಕುಡೀರಿ.”

ಸುಂದರಿ ಚಹಾ ಮಾತ್ರ ತಂದಳು. ತಟ್ಟೆ ಇರಲಿಲ್ಲ. ಮೂವರೂ ಸ್ವಲ್ಪ ಹೊತ್ತು ಅಡುಗೆಮನೆಯ ಕಡೆ ನೋಡಿ, ಮತ್ತೇನೂ ಬರುವುದಿಲ್ಲವೆಂದು ಖಚಿತವಾದ ಮೇಲೆ ಎದ್ದರು. ಕುಶಲ ಮಾತ್ರ ಚಪ್ಪಲಿ ಹಾಕಿಕೊಳ್ಳುತ್ತ, “ಗಿರಾಕಿಯ ಪಾತ್ರವಾದ್ರೂ ಉಂಟಾ ಕೇಳಿ ಅಂಗಾರಣ್ಣ,” ಎಂದ. ಈ ಸಲ ಅವನ ದನಿಯಲ್ಲಿ ನಿಜವಾದ ಏರಿಳಿತವಿತ್ತು.

ಭಾನುವಾರ ಏಳಕ್ಕೆ ಹದಿನೈದು ನಿಮಿಷ ಇರುವಾಗ ಅಂಗಾರಣ್ಣ ಹಸ್ತಪ್ರತಿ ಕಂಕುಳಲ್ಲಿಟ್ಟು ಗಿರಣಿಯ ಮೆಟ್ಟಿಲು ಹತ್ತಿದ. ಬಾಗಿಲಿಗೆ ಬೀಗ. ಜಯಶೀಲ ಮತ್ತು ಉಳಿದ ನಟರು ಮೆಟ್ಟಿಲ ಮೇಲೆ ಕುಳಿತಿದ್ದರು. ಏಳಕ್ಕೆ ಸರಿಯಾಗಿ ಲೋಲಾಕ್ಷಿ ಬಂದರು.

“ರಿಹರ್ಸಲಿಗೆ ಅರ್ಜಿ ಎಲ್ಲಿ?” ಎಂದರು.

“ಅರ್ಜಿಯಾ?” ಎಂದ ಅಂಗಾರಣ್ಣ. “ಹನ್ನೊಂದು ವರ್ಷದಲ್ಲಿ ಯಾರೂ ಅರ್ಜಿ ಕೊಟ್ಟದ್ದಿಲ್ಲ ಮಾರಾಯ್ರೆ. ನಾನು ಹಾಗೇ ತೆಗೆದು ಕೊಡ್ತಿದ್ದೆ.”

“ಅದಕ್ಕೇ ಹೋದ ವರ್ಷ ಇಪ್ಪತ್ತು ಕುರ್ಚಿಯ ಕಾಲು ಮುರಿದದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಇಪ್ಪತ್ತೆಂಟನೇ ಕಲಮು. ತಂಡದ ಪರವಾಗಿ ಮುಖ್ಯ ಪಾತ್ರಧಾರಿ ಬರೆದು ಕೊಡ್ಬೇಕು. ಒಂಬತ್ತಕ್ಕೆ ದೀಪ ಆರಿಸ್ಬೇಕು.”

ಅಂಗಾರಣ್ಣ ಜಯಶೀಲನ ಕಡೆ ನೋಡಿದ. ಜಯಶೀಲ ಆಕಾಶದ ಕಡೆ ನೋಡಿದ. ಒಳಗೆ ಸಿಟ್ಟು ನೆತ್ತಿಗೇರುತ್ತಿತ್ತು, ಏಳು ಗಂಟೆ ಏಳೂಕಾಲಾಗುತ್ತಿತ್ತು, ಧಣಿ ಕಾಯುತ್ತಿದ್ದ. ಅವನು ಹಲ್ಲು ಕಚ್ಚಿ, ಹಸ್ತಪ್ರತಿಯ ಕೊನೆಯ ಖಾಲಿ ಹಾಳೆ ಹರಿದು, ಗೋಡೆಗೆ ಒತ್ತಿ ಬರೆಯತೊಡಗಿದ. ಕೆಳಗೆ ಸಹಿ ಮಾಡಿದ ಮೇಲೆ, ಹೆಸರಿನ ಅಡಿಯಲ್ಲಿ ಹುದ್ದೆ ಬರೆಯುವ ಹಳೆಯ ಚಾಳಿಗೆ ಕೈ ತಾನಾಗಿಯೇ ಮುಂದೆ ಹೋಗಿ ಒಂದು ಕ್ಷಣ ತಡೆಯಿತು. ನಂತರ ದಪ್ಪಕ್ಷರದಲ್ಲಿ ಬರೆದ: ‘ಧಣಿ’.

ಲೋಲಾಕ್ಷಿ ಓದಿ, ನಗಲಿಲ್ಲ. “ತಾರೀಖು ಹಾಕ್ಲಿಲ್ಲ,” ಎಂದರು.